ಹನ್ನೆರಡೇ ಜನರಿರುವಾಗ ಹೆಸರು ತೆಗೆದರೆ ಸಾಲದು

ಚಿ. ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸಮಾಚಾರ ನಿಮ್ಮಮ್ಮ ಹೇಳಿಯೇ ಇರುತ್ತಾಳೆ. ನಿಮ್ಮ ತರಬೇತಿ ಕಾರ್ಯಕ್ರಮದ ಹನ್ನೆರಡು ಎಳೆಯ ಸಂಶೋಧಕರಿಗೆ, ತಮ್ಮ ಮೆಂಟರ್ (ಮಾರ್ಗದರ್ಶಕರು) ಹೇಗಿದ್ದಾರೆ ಅಂತ ಹೆಸರು ಬರೆಸದೆ ಅಂಕ ಹಾಕಲು ಹೇಳಿದೆಯಲ್ಲ, ಆ ಬಗ್ಗೆ ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಹನ್ನೆರಡೂ ಜನ ಮೆಂಟರ್‌ಗೆ 7ಕ್ಕೆ 7 ಕೊಟ್ಟಿದ್ದಾರೆ, ಒಬ್ಬರೂ ನಿಜ ಹೇಳಿಲ್ಲ ಅನ್ನಿಸುತ್ತೆ."

ಸರಿಯಾಗಿಯೇ ಅನ್ನಿಸಿದೆ. ಯಾರಿಗೆ ಅಂಕ ಹಾಕಬೇಕೋ ಅವರೇ ನಾಳೆ ಶಿಫಾರಸು ಪತ್ರ ಬರೆಯುವವರು. ಪಿಎಚ್‌ಡಿ ಮುಗಿಸಿ ಹೊರದೇಶದಿಂದ ಬಂದ ಪೋಸ್ಟ್‌ಡಾಕ್ ಸಂಶೋಧಕರಿಗೆ ವೀಸಾ ಮುಂದುವರಿಯುವುದೂ ಅವರ ಗ್ರಾಂಟಿನ (ಸಂಶೋಧನಾ ಅನುದಾನದ) ಸಂಬಳದ ಮೇಲೆ. ಅಂಥವರಿಗೆ 3 ಹಾಕುವ ಧೈರ್ಯ ಯಾರಿಗಿದೆ?

ಪ್ರಶ್ನಾವಳಿಯ ತಪ್ಪಲ್ಲ. ನೀನು ಬಳಸಿದ 26 ಪ್ರಶ್ನೆಗಳ ಆ ಮಾಪಕ 2013ರಲ್ಲಿ ಪ್ರಕಟವಾಗುವ ಮುಂಚೆ 16 ವಿಶ್ವವಿದ್ಯಾಲಯಗಳ 283 ಮೆಂಟರ್-ಶಿಷ್ಯ ಜೋಡಿಗಳ ಮೇಲೆ ಪರೀಕ್ಷೆಯಾಗಿತ್ತು. 283ರಲ್ಲಿ ಒಬ್ಬರು ಕಾಣುವುದಿಲ್ಲ. 12ರಲ್ಲಿ ಎದ್ದು ಕಾಣುತ್ತಾರೆ. ಹೃದ್ರೋಗ ವಿಭಾಗ, ಮಹಿಳೆ, ಎರಡನೇ ವರ್ಷ: ಈ ಮೂರು ಕಾಲಂ ಕೂಡಿದರೆ ಉಳಿಯುವುದು ಒಬ್ಬಳೇ. ಜೊತೆಗೆ "ಪ್ರಯೋಗದ ಇಲಿಗಳ ಖರ್ಚನ್ನೂ ನನ್ನ ತಲೆಗೇ ಕಟ್ಟಿದರು" ಅಂತ ಒಂದು ಟಿಪ್ಪಣಿ ಬಿದ್ದರೆ ಮುಗಿಯಿತು.

ನಮ್ಮ ಕಾಲದಲ್ಲಿ ಫಾರ್ಮು ಕಾಗದದ್ದು, ಕೈಬರಹವೇ ಗುಟ್ಟು ಬಿಟ್ಟುಕೊಡುತ್ತಿತ್ತು. ಆಗ ಬಾಯಿ ಬಿಡದೆ ಸಂಶೋಧನೆಯನ್ನೇ ಬಿಟ್ಟುಹೋದವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇರಲಿ.

ನಿನ್ನ ಕಚೇರಿಯ ಒಳರಾಜಕೀಯ ನನಗೆ ಗೊತ್ತಿಲ್ಲ, ಆದಷ್ಟು ಮಾಡು. ಐದಕ್ಕಿಂತ ಕಡಿಮೆ ಜನರ ಸರಾಸರಿಯನ್ನು ವರದಿಗೆ ಹಾಕಬೇಡ. ಎರಡು ಮೂರು ಬ್ಯಾಚ್ ಕೂಡಿದ ಮೇಲೆ ತೋರಿಸು. ಟಿಪ್ಪಣಿಗಳನ್ನು ಯಥಾವತ್ತು ಹಾಕದೆ ನಿನ್ನ ಮಾತಿನಲ್ಲಿ ಬರೆ. ಉತ್ತರ ಪಡೆಯುವವರು ವಿಭಾಗದ ಹೊರಗಿನವರಾಗಿರಲಿ, ಮೂಲ ಉತ್ತರ ಯಾರು ನೋಡುತ್ತಾರೆ ಅಂತ ಆಹ್ವಾನದಲ್ಲೇ ತಿಳಿಸು.

ಅಂಕಕ್ಕಿಂತ ಸಂಗತಿ ಕೇಳುವುದು ಮೇಲು. ಕಳೆದ ತಿಂಗಳು ಇಬ್ಬರೇ ಕೂತು ಮಾತಾಡಿದ್ದು ಎಷ್ಟು ಸಲ? ಕೊಟ್ಟ ಕರಡು ಎಷ್ಟು ದಿನಕ್ಕೆ ವಾಪಸ್ ಬಂತು? ಕೆ23 (ರೋಗಿಗಳ ಮೇಲೆ ಸಂಶೋಧನೆ ಕಲಿಯುವ ವೈದ್ಯರಿಗೆ ಅಮೆರಿಕದ ಎನ್‌ಐಎಚ್ ಕೊಡುವ ಅನುದಾನ) ಇರುವವರಿಗೆ ಸಾಮಾನ್ಯವಾಗಿ 75% ಸಮಯ ಸಂಶೋಧನೆಗೆ ಮೀಸಲು ಅಂತ ಕಾಗದ ಹೇಳುತ್ತದೆ. ಹೋದ ವಾರ ಎಷ್ಟು ಅರ್ಧ ದಿನ ಕ್ಲಿನಿಕ್ಕಿಗೆ ಹೋಯಿತು? "ನಿಮ್ಮ ಮೆಂಟರ್ ಕೆಟ್ಟವರೇ" ಅನ್ನುವುದಕ್ಕಿಂತ ಇದಕ್ಕೆ ಉತ್ತರಿಸಲು ಭಯ ಕಡಿಮೆ. ಪೂರ್ತಿ ಹೋಗುತ್ತದೆ ಅಂತಲ್ಲ.

ಮೆಂಟರ್‌ಗಳಿಗೇ ಕೊಡುವ ತರಬೇತಿಯನ್ನು ಮೊದಲೊಮ್ಮೆ ಕೊನೆಗೊಮ್ಮೆ ಅಳೆಯುವುದರಲ್ಲೂ ಒಂದು ತೊಡಕಿದೆ. ಶುರುವಿನಲ್ಲಿ ತನಗೆ 6 ಕೊಟ್ಟುಕೊಂಡ ಮೆಂಟರ್ ತರಬೇತಿಯಾದ ಮೇಲೆ ತನ್ನ ಕೊರತೆ ಅರಿತು 5 ಕೊಡುತ್ತಾನೆ. ತರಬೇತಿಯಿಂದ ಕೆಟ್ಟಂತೆ ಕಾಣುತ್ತದೆ. ಕೊನೆಯಲ್ಲೇ "ಆಗ ಹೇಗಿದ್ದಿರಿ, ಈಗ ಹೇಗಿದ್ದೀರಿ" ಎರಡನ್ನೂ ಕೇಳು. ಅದರಲ್ಲಿ ಆತ್ಮಪ್ರಶಂಸೆ ನುಸುಳುತ್ತದೆ, ಒಂದನ್ನೇ ನಂಬಬೇಡ.

ಎಷ್ಟು ಜನಕ್ಕೆ ಆರ್01 (ಸ್ವತಂತ್ರ ಸಂಶೋಧನೆಗೆ ಎನ್‌ಐಎಚ್ ಕೊಡುವ ದೊಡ್ಡ ಅನುದಾನ) ಸಿಕ್ಕಿತು ಅಂತ ನಿರ್ದೇಶಕರು ಈಗಲೇ ಕೇಳಿದರೆ ಕೊಡಲು ಏನೂ ಇರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಸಲ್ಲಿಸಿದ ಅರ್ಜಿ, ತಿರಸ್ಕಾರವಾದ ಮೇಲೆ ತಿದ್ದಿ ಮತ್ತೆ ಕಳಿಸಿದ ಅರ್ಜಿ, ಮೊದಲ ಲೇಖಕರಾಗಿ ಬಂದ ಪ್ರಬಂಧ, ಇವನ್ನು ಎಣಿಸು. ಆಯ್ಕೆಯಾಗದವರೊಡನೆ ಹೋಲಿಸಿ ಗೆದ್ದೆವು ಅನ್ನಬೇಡ, ಗಟ್ಟಿಗರನ್ನೇ ಆರಿಸಿದ್ದೀರಲ್ಲ.

ಮತ್ತೆ ಆ 7ಕ್ಕೇ ಬರುತ್ತೇನೆ. ಆರು ತಿಂಗಳಿಗೊಮ್ಮೆ ಹನ್ನೆರಡೂ ಜನರನ್ನು ಒಬ್ಬೊಬ್ಬರಾಗಿ ಕರೆದು, ಚೆನ್ನಾಗಿದ್ದವರನ್ನೂ ಬಿಡದೆ, ಎರಡನೇ ಮೆಂಟರ್ ಬೇಕೇ ಅಂತ ಕೇಳುವ ಪದ್ಧತಿ ಮಾಡಿಸು. ಎಲ್ಲರಿಗೂ ಅದೇ ಪ್ರಶ್ನೆಯಾದರೆ, ಹೌದು ಅಂದವರು ದೂರು ಕೊಟ್ಟಂತಾಗುವುದಿಲ್ಲ.

ಇಂತು,
ನಿನ್ನ ದೊಡ್ಡಪ್ಪ