ಆ ರಾತ್ರಿ ನಮ್ಮೊಡನೆ ಕುಳಿತವರಿಗೆ

ತಮ್ಮ ತೀರಿಕೊಂಡು ಇಂದಿಗೆ ಒಂದು ವರ್ಷವಾಯಿತು. ಆ ಬಸ್ಸಿಗೆ ಏನಾಯಿತು, ಹೇಗಾಯಿತು ಎಂಬುದು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಬರೆಯುವ ಶಕ್ತಿ ನನಗಿಲ್ಲ, ಅಗತ್ಯವೂ ಇಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ನೆರವಾದವರಿಗೆಲ್ಲ ಒಂದು ಮಾತು ತಿಳಿಸಬೇಕೆಂದು ಅಮ್ಮ ಹೇಳುತ್ತಲೇ ಇದ್ದಳು. ಈ ಬರಹ ಅದಕ್ಕಾಗಿ.

ಅಪಘಾತದ ಸುದ್ದಿ ಹರಡಿದ ಕೆಲವೇ ಗಂಟೆಗಳಲ್ಲಿ ಪ್ರಧಾನಮಂತ್ರಿಯವರ ಕಾರ್ಯಾಲಯದಿಂದ ಸಂತಾಪ ಸಂದೇಶ ಬಂದಿತ್ತು. ಅಂಥ ಸಂದೇಶಗಳ ಒಕ್ಕಣೆ ನಮಗೆಲ್ಲ ಪರಿಚಿತವೇ. ಮೊದಲು ಜೀವಹಾನಿಯಿಂದ ತೀವ್ರ ದುಃಖವಾಗಿದೆಯೆಂದೂ ಆಪ್ತರನ್ನು ಕಳೆದುಕೊಂಡ ಕುಟುಂಬಗಳಿಗೆ ಸಂತಾಪಗಳೆಂದೂ ಇರುತ್ತದೆ. ಆಮೇಲೆ ಗಾಯಾಳುಗಳು ಬೇಗ ಚೇತರಿಸಿಕೊಳ್ಳಲೆಂಬ ಹಾರೈಕೆ. ಕೊನೆಗೆ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯಿಂದ ಮೃತರ ಹತ್ತಿರದ ಬಂಧುಗಳಿಗೆ 2 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50,000 ರೂಪಾಯಿ. ಬೇರೆಯವರ ಮನೆಯ ಸಾವಿಗೆ ಬರೆದ ಇಂಥವನ್ನು ಎಷ್ಟು ಸಲ ಓದಿ ಪುಟ ಮಗುಚಿದ್ದೆನೋ. ಈ ಸಲ ಮಾತ್ರ ಅದರಲ್ಲಿ ನಮ್ಮ ಮನೆಗೆ ಸೇರಿದ ವಾಕ್ಯ ಯಾವುದೆಂದು ತಿಳಿಯಲಿಲ್ಲ. ಗಾಯಾಳುಗಳ ಪಟ್ಟಿಯಲ್ಲಿ ತಮ್ಮನ ಹೆಸರಿರಲಿಲ್ಲ. ಶವಾಗಾರದ ಒಳಗಿದ್ದ ದೇಹಗಳನ್ನು ಕಣ್ಣಿನಿಂದ ಗುರುತು ಹಿಡಿಯುವಂತಿರಲಿಲ್ಲ.

ಆ ರಾತ್ರಿಯನ್ನು ನಮಗೆ ದಾಟಿಸಿದವರು ಶವಾಗಾರದ ರಾತ್ರಿ ಪಾಳಿಯಲ್ಲಿದ್ದ ಒಬ್ಬ ನೌಕರರು. ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಹೊರಗೆ ಕುಳಿತಿದ್ದ ಅಮ್ಮ, ಪ್ರಧಾನಿಯವರ ಸಂದೇಶ ಬಂದಿದೆಯೆಂದು ಯಾರೋ ಆಡಿದ ಮಾತು ಕಿವಿಗೆ ಬಿದ್ದು, 'ಏನು ಬರೆದಿದ್ದಾರೆ, ಸ್ವಲ್ಪ ಓದಪ್ಪಾ' ಎಂದು ಅವರನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ, ಕೇಳಿದ್ದರೂ ನನ್ನಿಂದ ಓದಲಾಗುತ್ತಿರಲಿಲ್ಲ. ಅವರು ಅಮ್ಮನ ಎದುರು ನೆಲದ ಮೇಲೆ ಕುಳಿತು, ತಮ್ಮ ಫೋನಿನಲ್ಲಿದ್ದುದನ್ನು ಒಂದು ಪದವನ್ನೂ ಬಿಡದೆ ಓದಿದರು. ಸತ್ತವರ ಮಾತು ಬರುವಲ್ಲಿ ದನಿ ತಗ್ಗಿಸಲೂ ಇಲ್ಲ. 'ಇದರಲ್ಲಿ ನನ್ನ ಮಗ ಯಾವ ಕಡೆ?' ಎಂದಳು ಅಮ್ಮ. 'ಗೊತ್ತಿಲ್ಲಮ್ಮಾ. ಗೊತ್ತಾಗುವವರೆಗೂ ನಾನೂ ಇಲ್ಲೇ ಇರ್ತೀನಿ' ಎಂದರು. ಆ ದಿನ ಸಮಾಧಾನ ಹೇಳಿದವರು ಅನೇಕರು. ಗೊತ್ತಿಲ್ಲ ಎಂದು ಹೇಳಿದವರು ಅವರೊಬ್ಬರೇ.

ಬೆಳಿಗ್ಗೆ ಪಾಳಿ ಮುಗಿದರೂ ಅವರು ಮನೆಗೆ ಹೋಗಲಿಲ್ಲ. ಡಿಎನ್‌ಎ ಹೋಲಿಕೆಗಾಗಿ ಅಮ್ಮನ ರಕ್ತ ತೆಗೆಯುವಾಗ ಪಕ್ಕದಲ್ಲೇ ನಿಂತಿದ್ದರು. ಇದು ಯಾಕೆ ಬೇಕು, ಎಷ್ಟು ದಿನ ಹಿಡಿಯಬಹುದು, ಅಲ್ಲಿಯವರೆಗೆ ದೇಹವನ್ನು ಯಾಕೆ ಕೊಡುವಂತಿಲ್ಲ ಎಂದು ನಾವು ಕೇಳಿದ್ದನ್ನೇ ಕೇಳಿದರೂ ಪ್ರತಿ ಸಲವೂ ಮೊದಲ ಸಲದಂತೆಯೇ ಹೇಳಿದರು. ವರದಿ ಬಂದ ದಿನ, ಕಟ್ಟಿದ ಬಟ್ಟೆಯನ್ನು ಬಿಚ್ಚಬೇಡಿರೆಂದು ನನಗೊಬ್ಬನಿಗೆ ಕೇಳುವಂತೆ ಹೇಳಿದರು. ನಾನು ಬಿಚ್ಚಲಿಲ್ಲ. ಇಂದಿಗೂ ತಮ್ಮನೆಂದರೆ ನನ್ನ ಕಣ್ಣಿಗೆ ಬರುವುದು ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದ ಮುಖವೇ ಆಗಿದ್ದರೆ, ಅದನ್ನು ಉಳಿಸಿಕೊಟ್ಟವರು ಅವರು.

ಪ್ರಧಾನಿಯವರ ಸಂದೇಶದ ಮೇಲೆ ನನಗೆ ತಿಂಗಳುಗಟ್ಟಲೆ ಸಿಟ್ಟಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಊರಿನ ಹೆಸರೊಂದನ್ನು ಬದಲಿಸಿದರೆ ಯಾವ ದುರಂತಕ್ಕೂ ಹೊಂದುವ ಮಾತು ಎನಿಸಿತ್ತು. ನನ್ನ ತಮ್ಮ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದನೆಂದು ಅದನ್ನು ಬರೆದವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಸಿಟ್ಟು ನಿಜವಾಗಿ ಇದ್ದದ್ದು ಬೇರೆ ಕಡೆ. ಆ ಬಸ್ಸೇ ಯಾಕೆ, ಆ ರಾತ್ರಿಯೇ ಯಾಕೆ, ಟಿಕೆಟ್ ಮಾಡಿಸಿಕೊಟ್ಟವನು ನಾನೇ ಯಾಕೆ. ಇಷ್ಟು ಬರೆದು ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ. ಅಮ್ಮನಿಗೆ ಆ ಸಂದೇಶದ ಮೇಲೆ ಯಾವ ದೂರೂ ಇಲ್ಲ. 'ದೇಶ ಆಳುವವರು ಬಾಯಿಬಿಟ್ಟು ಹೇಳಿದರಲ್ಲ, ಏನೂ ಹೇಳದೆ ಸುಮ್ಮನಿದ್ದಿದ್ದರೆ?' ಎನ್ನುತ್ತಾಳೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಪರಿಹಾರದ ಹಣ ತಮ್ಮನ ಹೆಂಡತಿಯ ಖಾತೆಗೆ ಬಂದು, ಈಗ ಮಗಳ ಹೆಸರಿನಲ್ಲಿ ಠೇವಣಿಯಾಗಿದೆ. ದೇಶವಿಭಜನೆಯಿಂದ ನೆಲೆ ಕಳೆದುಕೊಂಡು ಬಂದವರಿಗಾಗಿ ನೆಹರೂ ಅವರು ಕೊಟ್ಟ ಕರೆಯಿಂದ 1948ರ ಜನವರಿಯಲ್ಲಿ ಆರಂಭವಾದ ಆ ನಿಧಿಗೆ ಬಜೆಟ್ಟಿನ ಹಣ ಸೇರುವುದಿಲ್ಲವೆಂದೂ, ಜನರು ತಾವಾಗಿ ಕೊಟ್ಟ ದೇಣಿಗೆಯಿಂದಲೇ ಅದು ನಡೆಯುತ್ತದೆಂದೂ ನನಗೆ ತಿಳಿದದ್ದು ಆಮೇಲೆ. ಎಂದೋ ಕೊಟ್ಟು ಮರೆತಿರಬಹುದಾದ ಆ ಅಪರಿಚಿತರಿಗೆ, ನಮ್ಮ ಮಗುವಿನ ಪರವಾಗಿ ನಮಸ್ಕಾರ. ಮರಣ ಪ್ರಮಾಣ ಪತ್ರ, ವಂಶವೃಕ್ಷಗಳಿಗಾಗಿ ನಮ್ಮನ್ನು ಅಲೆಸದೆ ಮನೆಗೇ ಬಂದ ಗ್ರಾಮ ಆಡಳಿತಾಧಿಕಾರಿಗಳು, ಹದಿಮೂರು ದಿನ ಅಡುಗೆಮನೆ ನೋಡಿಕೊಂಡ ಅತ್ತಿಗೆಯರು, ತಮ್ಮನ ಸಹೋದ್ಯೋಗಿಗಳು, ಫೋನು ಮಾಡಿ ಮಾತು ಬಾರದೆ ಇಟ್ಟುಬಿಟ್ಟ ಗೆಳೆಯರು, ಎಲ್ಲರಿಗೂ ನಾವು ಋಣಿಗಳು.

ಕಳೆದ ತಿಂಗಳು ಬೇರೊಂದು ಕಡೆ ಅಪಘಾತವಾಗಿ, ಟಿವಿಯಲ್ಲಿ ಮತ್ತೆ ಅದೇ ಒಕ್ಕಣೆಯ ಸಂತಾಪ ಬಂತು. ಆ ಊರು ದೂರದ್ದು, ಗಾಯಾಳುಗಳನ್ನು ನಮಗೆ ಗೊತ್ತಿರುವ ಆಸ್ಪತ್ರೆಗೆ ತರುವುದಿಲ್ಲ ಎಂದು ನಾನು ಹೇಳಿದರೂ ಕೇಳದೆ, ಅಮ್ಮ ಅವರಿಗೆ ಫೋನು ಮಾಡಿಸಿದಳು. 'ಇವತ್ತು ರಾತ್ರಿ ನಿನ್ನದೇ ಪಾಳಿಯೇನಪ್ಪಾ?' ಎಂದು ಕೇಳಿದಳು. ಹೌದು ಎಂದಿರಬೇಕು, ಅಮ್ಮ ಟಿವಿ ಆರಿಸಿ ಮಲಗಲು ಹೋದಳು.