ಬಚ್ಚಲಿಗೆ ಸೌದೆ ಒಲೆ ಹಾಕಿಸುವವರು ಚಿಮಣಿಗೆ ಕೈ ಬಿಗಿ ಹಿಡಿಯಬೇಡಿ

ಮಾನ್ಯ ಸಂಪಾದಕರೇ,

ಚಳಿಗಾಲ ಶುರುವಾದರೆ ಸಾಕು, ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲೇ ಇಲ್ಲ ಅನ್ನೋ ಸುದ್ದಿ ಪತ್ರಿಕೆಯ ಯಾವುದೋ ಮೂಲೆಯಲ್ಲಿ ಬಂದೇ ಬರುತ್ತದೆ. ಓದಿದವರು ‘ಅಯ್ಯೋ ಪಾಪ’ ಅಂತಾರೆ, ಪುಟ ತಿರುಗಿಸುತ್ತಾರೆ. ನಮ್ಮ ತಿಪಟೂರು ಕಡೆ ಒಂದಷ್ಟು ಜನ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗೀಸರ್ ಸಹವಾಸವೇ ಬೇಡ, ಮೊದಲಿನ ಹಾಗೆ ಸೌದೆ ಒಲೆ ಹಾಕಿಸಿಬಿಡೋಣ ಅಂತ ಹೊರಡುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಒಲೆ ಬಂತು, ನೀರು ಚೆನ್ನಾಗೇ ಕಾಯುತ್ತಿದೆ. ಆದರೆ ಈ ಕೆಲಸಕ್ಕೆ ಕೈ ಹಾಕಿದ ಸುಮಾರು ಮನೆ ನೋಡಿದ್ದೇನೆ. ಹಂಡೆಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ, ಟೈಲ್ಸ್ ಹಾಕಿಸುತ್ತಾರೆ, ಚಿಮಣಿ ಅಂದ ತಕ್ಷಣ ಚೌಕಾಸಿ ಶುರು. ಅದಕ್ಕೇ ಈ ಪತ್ರ.

ಮೊದಲು ಗೀಸರ್ ವಿಷಯ. ‘ಗ್ಯಾಸ್ ಲೀಕ್ ಆಗಿ ಸಾವು’ ಅಂತ ಬರೆದುಬಿಡುತ್ತಾರೆ. ಬಹಳ ಸಲ ಲೀಕೇ ಆಗಿರುವುದಿಲ್ಲ. ಲೀಕ್ ಆದರೆ ವಾಸನೆ ಬರುತ್ತದೆ, ವಾಸನೆ ಬರಲಿ ಅಂತಲೇ ಸಿಲಿಂಡರ್ ಗ್ಯಾಸಿಗೆ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಕೊಲ್ಲುವುದು ಇಂಗಾಲದ ಮೊನಾಕ್ಸೈಡ್. ಗೀಸರಿನ ಉರಿ ಬಚ್ಚಲೊಳಗಿನ ಗಾಳಿಯನ್ನೇ ತಿನ್ನುತ್ತದೆ. ಚಳಿ ಅಂತ ಕಿಟಕಿ ಮುಚ್ಚಿರುತ್ತೇವೆ. ಗಾಳಿ ಸಾಲದೆ ಹೋದಾಗ ಉರಿ ಸರಿಯಾಗಿ ಉರಿಯದೆ ಈ ವಿಷ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗಕ್ಕೆ ಇದು 200 ಪಟ್ಟಿಗಿಂತ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯಲೂ ಕೈಯಲ್ಲಿ ಶಕ್ತಿ ಇರುವುದಿಲ್ಲ.

ಈಗ ಯಾರೂ ಹೇಳದ ಮಾತು. ಇದೇ ವಿಷ ಸೌದೆಯಿಂದಲೂ ಬರುತ್ತದೆ, ಗ್ಯಾಸಿಗಿಂತ ಜಾಸ್ತಿಯೇ ಬರುತ್ತದೆ. ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತದೆ ನಿಜ, ಆದರೆ ಹೊಗೆಯಾಡದ ಕೆಂಡ ಎಚ್ಚರಿಸುವುದಿಲ್ಲ. ಹಾಗಾಗಿ ಗೀಸರ್ ಇದ್ದ ಬಚ್ಚಲಿನ ಒಳಗೇ ಒಲೆ ತಂದು ಕೂರಿಸಿದರೆ ಒಂದು ಅಪಾಯ ಕಳೆದು ಇನ್ನೊಂದನ್ನು ಮನೆಗೆ ಕರೆದುಕೊಂಡ ಹಾಗೆ. ಹಳೆಯ ಮನೆಗಳಲ್ಲಿ ಸುಮಾರು ಕಡೆ ಹಂಡೆ ಒಳಗೆ, ಉರಿ ಹಾಕುವ ಬಾಯಿ ಗೋಡೆಯಾಚೆ ಹಿತ್ತಲಿಗೆ ಇರುತ್ತಿತ್ತು. ಅದೇ ಸರಿ. ಬೂದಿ, ಮಸಿ, ಹೊಗೆ, ಕೆಂಡ ಎಲ್ಲ ಆಚೆ. ಒಳಗೆ ಬರುವುದು ಬಿಸಿನೀರು ಮಾತ್ರ.

ದುಡ್ಡು ಉಳಿಯುತ್ತದೆ ಅಂತ ಹೊರಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ. ನಾಲ್ಕು ಜನಕ್ಕೆ ತಲಾ 20 ಲೀಟರ್ ನೀರು, 20 ಡಿಗ್ರಿಯಷ್ಟು ಬಿಸಿ ಏರಿಸಬೇಕು ಅಂದುಕೊಳ್ಳಿ. ಬೇಕಾಗುವುದು 1,600 ಕಿಲೋಕ್ಯಾಲರಿ. ಒಂದು ಕೆಜಿ ಗ್ಯಾಸ್ ಸುಮಾರು 11,000 ಕಿಲೋಕ್ಯಾಲರಿ ಕೊಡುತ್ತದೆ. ಗೀಸರ್ ಅದರಲ್ಲಿ ಶೇ 80ರಷ್ಟು ನೀರಿಗೆ ಮುಟ್ಟಿಸಿದರೆ ದಿನಕ್ಕೆ 180 ಗ್ರಾಂ ಗ್ಯಾಸ್ ಸಾಕು. ಅಂದರೆ 14.2 ಕೆಜಿ ಸಿಲಿಂಡರ್ ಎರಡೂವರೆ ತಿಂಗಳು ಬರುತ್ತದೆ. ಇನ್ನು ಸೌದೆ. ಒಣಗಿದ ಸೌದೆ ಕೆಜಿಗೆ 3,500 ಕಿಲೋಕ್ಯಾಲರಿ ಅಂತ ಇಟ್ಟುಕೊಳ್ಳೋಣ. ಮೂರು ಕಲ್ಲಿಟ್ಟು ಉರಿ ಹಾಕಿದರೆ ಅದರಲ್ಲಿ ಶೇ 10ರಷ್ಟು ನೀರಿಗೆ ತಲುಪಿದರೆ ಹೆಚ್ಚು, ದಿನಕ್ಕೆ ನಾಲ್ಕೂವರೆ ಕೆಜಿ ಬೇಕು. ಚೆನ್ನಾಗಿ ಕಟ್ಟಿದ ಒಲೆಯಲ್ಲಿ ಒಂದೂಕಾಲು ಕೆಜಿಯಲ್ಲಿ ಮುಗಿಯುತ್ತದೆ. ವರ್ಷದ ಲೆಕ್ಕ ಹಾಕಿದರೆ ಒಂದು ಟನ್ನಿಗಿಂತ ಜಾಸ್ತಿ ಸೌದೆಯ ವ್ಯತ್ಯಾಸ! ಸೌದೆ ಡಿಪೋದಿಂದ ಕೊಂಡು ತಂದು ಉರಿಸುವವರಿಗೆ ಗ್ಯಾಸಿಗಿಂತ ಇದು ಅಗ್ಗವಾಗುವುದು ಅನುಮಾನ. ತೆಂಗಿನ ತೋಟ ಇದ್ದವರ ಮಾತು ಬೇರೆ. ಎಡೆಮಟ್ಟೆ, ಹೊಂಬಾಳೆ, ಒಣಗಿದ ಗರಿ ಹೇಗೂ ಬಿದ್ದಿರುತ್ತವೆ, ಸುಮ್ನೆ ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಕೊಡುತ್ತೇವೆ. ಕೋಲಾರ, ಶಿಡ್ಲಘಟ್ಟ ಕಡೆಯವರಿಗೆ ಹಿಪ್ಪುನೇರಳೆ ಕಡ್ಡಿ ಇದೆ. ತೆಂಗಿನ ಚಿಪ್ಪನ್ನು ಮಾತ್ರ ಒಲೆಗೆ ಹಾಕಬೇಡಿ. ಅದರಿಂದ ಇದ್ದಿಲು ಮಾಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಅದನ್ನು ಸ್ನಾನದ ನೀರಿಗೆ ಸುಡುವುದು ದಡ್ಡತನ.

ಸೋಲಾರ್ ಹಾಕಿಸಬಾರದಿತ್ತಾ ಅಂತ ಕೇಳಬಹುದು. ಬಿಸಿಲು ಬೀಳುವ ತಾರಸಿ ಇದ್ದರೆ ಖಂಡಿತ ಅದೇ ಮೊದಲು. ನಮ್ಮ ಮನೆ ಮೇಲೆ ತೆಂಗಿನ ಮರಗಳ ನೆರಳು, ಮಧ್ಯಾಹ್ನ ಒಂದಷ್ಟು ಹೊತ್ತು ಬಿಟ್ಟರೆ ಬಿಸಿಲೇ ಇಲ್ಲ.

ಇನ್ನು ಚಿಮಣಿ. ಗಾರೆ ಕೆಲಸಕ್ಕೆ ಬಂದವರು ಕೈ ಚಳಕ ಇರುವ ಮನುಷ್ಯ, ಗೋಡೆ ಕಟ್ಟಿದರೆ ದಾರ ಹಿಡಿದಂತಿರುತ್ತದೆ. ಆದರೆ ಹೊಗೆಗೆ ಏನು ಮಾಡೋಣ ಅಂದಾಗ, ‘ಅಣ್ಣ, ನಾಲ್ಕಿಂಚು ಪಿವಿಸಿ ಪೈಪ್ ಉಳಿದೈತಲ್ಲ, ಅದನ್ನೇ ಗೋಡೆಗೆ ತೂರಿಸಿ ಒಂದು ಎಲ್ಬೋ ಹಾಕಿಬಿಡೋಣ’ ಅಂದರು. ಪಿವಿಸಿ 80 ಡಿಗ್ರಿ ಹತ್ತಿರ ಬಂದರೇ ಮೆತ್ತಗಾಗುತ್ತದೆ. ಒಲೆಯಿಂದ ಹೊರಬರುವ ಹೊಗೆ 200 ಡಿಗ್ರಿ ದಾಟಬಹುದು. ಪೈಪ್ ಕರಗಿ, ಅದರ ಹೊಗೆಯೂ ಸೇರಿಕೊಂಡು, ಕೊನೆಗೆ ಸೂರಿಗೆ ಬೆಂಕಿ. ಸಿಮೆಂಟ್ ಶೀಟಿನ ಹಳೇ ಪೈಪ್ ಸಿಕ್ಕರೂ ಬೇಡ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇಟ್ಟಿಗೆಯಲ್ಲಿ ಕಟ್ಟಿಸಿ, ಇಲ್ಲವೇ ದಪ್ಪನೆಯ ಕಬ್ಬಿಣದ ಪೈಪ್ ಹಾಕಿಸಿ.

ಚಿಮಣಿ ಬರೀ ಹೊಗೆ ಹೋಗುವ ದಾರಿ ಅಲ್ಲ. ಒಲೆಗೆ ಗಾಳಿ ಎಳೆದುಕೊಡುವುದೇ ಅದು. ಬಿಸಿ ಹೊಗೆ ಹಗುರ, ಮೇಲಕ್ಕೆ ಓಡುತ್ತದೆ, ಅದರ ಹಿಂದೆ ಕೆಳಗಿನ ಜಾಲರಿಯಿಂದ ಹೊಸ ಗಾಳಿ ನುಗ್ಗುತ್ತದೆ. ಎತ್ತರ ಇದ್ದಷ್ಟೂ ಎಳೆತ ಜಾಸ್ತಿ. ಅದಕ್ಕೇ ಸೂರಿನ ಮಟ್ಟದಲ್ಲಿ ನಿಲ್ಲಿಸಬಾರದು, ಮಾಡು ದಾಟಿ ಕನಿಷ್ಠ ಮೂರಡಿ ಮೇಲೆ ಹೋಗಬೇಕು. ಪಕ್ಕದಲ್ಲಿ ಎತ್ತರದ ಗೋಡೆಯೋ ನೀರಿನ ಟ್ಯಾಂಕೋ ಇದ್ದರೆ ಅದಕ್ಕಿಂತಲೂ ಮೇಲೆ. ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಇಳಿಯುತ್ತದೆ. ತಿರುವು ಆದಷ್ಟು ಕಡಿಮೆ ಇರಲಿ. ತುದಿಗೆ ಮಳೆ ಬೀಳದ ಹಾಗೆ ಟೋಪಿ ಬೇಕು, ಹತ್ತಿರದಲ್ಲಿ ಒಣಗಿದ ಗರಿ ಜೋತು ಬಿದ್ದಿರಬಾರದು. ಬುಡದಲ್ಲಿ ಮಸಿ ತೆಗೆಯಲು ಒಂದು ಸಣ್ಣ ಬಾಗಿಲು ಬಿಡಿಸಿ. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಮಸಿ ಕಟ್ಟಿಕೊಂಡಾಗ ಚಿಮಣಿಯನ್ನೇ ಒಡೆಯಬೇಕಾಗುತ್ತದೆ. ಹಸಿ ಸೌದೆ ಹಾಕುವವರ ಚಿಮಣಿಯಲ್ಲಂತೂ ಟಾರಿನಂಥ ಅಂಟು ಕೂರುತ್ತದೆ, ಅದು ಹೊತ್ತಿಕೊಂಡರೆ ಆರಿಸುವುದು ಕಷ್ಟ. ಒಂದು ಮಳೆಗಾಲ ನೆನೆಯದ ಹಾಗೆ ಒಟ್ಟಿ ಒಣಗಿಸಿದ ಸೌದೆಯನ್ನೇ ಬಳಸಿ.

ಒಲೆಯ ಒಳಮೈಗೆ ಸಿಮೆಂಟ್ ಬೇಡ, ಬಿಸಿಗೆ ಬಿರುಕು ಬಿಡುತ್ತದೆ. ಇಟ್ಟಿಗೆ, ಜೇಡಿಮಣ್ಣು ಸಾಕು. ಕೆಳಗೆ ಬೀಡುಕಬ್ಬಿಣದ ಜಾಲರಿ ಇರಲಿ. ಅಂಗಡಿಯಲ್ಲಿ ಸಿಗುವ ತಾಮ್ರದ ಬಾಯ್ಲರ್ ತರುವವರು ಅದರ ಮೇಲಿನ ಗಾಳಿ ಪೈಪಿಗೆ ಮರೆತೂ ನಲ್ಲಿ ಹಾಕಿಸಬೇಡಿ, ಆವಿ ಹೋಗಲು ಜಾಗವಿಲ್ಲದೆ ಸಿಡಿಯುತ್ತದೆ.

ಗೀಸರ್ ಬಿಚ್ಚುವುದು ಏಜೆನ್ಸಿ ಮೆಕ್ಯಾನಿಕ್ ಕೆಲಸ. ರೆಗ್ಯುಲೇಟರ್ ತೆಗೆದ ಮೇಲೆ ಸಿಲಿಂಡರಿಗೆ ಬಿಳಿ ಮುಚ್ಚಳ ಹಾಕಿ ಅಲ್ಲಿಂದ ಎತ್ತಿಬಿಡಿ. ನಮ್ಮಲ್ಲಿ ಸಿಲಿಂಡರ್ ಇದ್ದದ್ದು ಬಚ್ಚಲ ಕಿಟಕಿ ಕೆಳಗೆ, ಹೊಸ ಒಲೆಯ ಬಾಯಿ ಬರಬೇಕಾಗಿದ್ದದ್ದೂ ಸರಿಯಾಗಿ ಅಲ್ಲೇ! ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ಉರಿ ಹುಡುಕಿಕೊಂಡು ಹೋಗುತ್ತದೆ.

ನನಗೆ ಬೇಸರವಾಗುವುದು ಇನ್ನೊಂದು ವಿಷಯಕ್ಕೆ. ಇದೆಲ್ಲ ನಮ್ಮ ಜಿಲ್ಲೆಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ಉಪಯೋಗವಾಗುವ ತಂತ್ರಜ್ಞಾನ ರೂಪಿಸಲು ‘ಅಸ್ತ್ರ’ ಅನ್ನುವ ಕೇಂದ್ರ ಶುರುವಾಯಿತು. ಅದರ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮುಚ್ಚಿದ ಉರಿಗೂಡು, ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ ಇರುವ ಅಸ್ತ್ರ ಒಲೆ ಅಲ್ಲಿಂದ ಬಂದದ್ದು. ಶೇ 40ರ ಆಸುಪಾಸು ಶಾಖ ಪಾತ್ರೆಗೆ ಮುಟ್ಟುತ್ತಿತ್ತು. ದೇಶದ ತುಂಬ ಸುಧಾರಿತ ಒಲೆ ಹಂಚುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2002ರಲ್ಲಿ ನಿಂತಿತು. 2016ರಲ್ಲಿ ಉಜ್ವಲ ಯೋಜನೆಯ ಸಿಲಿಂಡರ್ ಬಂತು. ಅಡುಗೆ ಮನೆಗೆ ಗ್ಯಾಸ್ ಬಂದದ್ದು ಒಳ್ಳೆಯದೇ. ಹೊಗೆಯಲ್ಲಿ ಕೆಮ್ಮಿದ ನಮ್ಮ ತಾಯಂದಿರನ್ನು ಕೇಳಿ ನೋಡಿ, ಮಣ್ಣಿನ ಒಲೆಯ ರುಚಿ ಅಂತ ರಾಗ ಎಳೆಯುವ ಪಟ್ಟಣದವರಿಗೆ ಅವರೇ ಉತ್ತರ ಕೊಡುತ್ತಾರೆ. ನಮ್ಮ ಮನೆಯಲ್ಲೂ ಅಡುಗೆ ಗ್ಯಾಸಿನಲ್ಲೇ. ಆದರೆ ಬಚ್ಚಲ ಒಲೆ ಹಳ್ಳಿಗಳಲ್ಲಿ ಎಲ್ಲೂ ಹೋಗಿಲ್ಲ. ಅದನ್ನು ಕಟ್ಟುವ ವಿದ್ಯೆ ಗಾರೆಯವರ ಕೈಬಿಟ್ಟಿದೆ, ಅಷ್ಟೇ.

ಪೇಟೆಯಲ್ಲಿ 30×40 ಅಡಿ ಸೈಟಿನ ಮನೆಯವರು ದಯವಿಟ್ಟು ಇದಕ್ಕೆ ಹೋಗಬೇಡಿ. ನಿಮ್ಮ ಚಿಮಣಿ ಎಷ್ಟೇ ಚೆನ್ನಾಗಿರಲಿ, ಹೊಗೆ ಹೋಗುವುದು ಪಕ್ಕದ ಮನೆಯ ಮಹಡಿ ಕಿಟಕಿಗೆ. ಅಲ್ಲಿ ಆಸ್ತಮಾ ಇರುವ ಅಜ್ಜಿಯೋ ಹಸುಗೂಸೋ ಇರಬಹುದು, ಅಲ್ವಾ? ಗೀಸರೇ ಬೇಕಾದರೆ ಅದನ್ನು ಬಚ್ಚಲಿನ ಆಚೆ ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ನನ್ನ ಕೋರಿಕೆ ಎರಡೇ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಗಾರೆ ಕೆಲಸದವರಿಗೆ ಒಲೆ, ಚಿಮಣಿ ಕಟ್ಟುವುದನ್ನು ಹೇಳಿಕೊಡುವ ಏರ್ಪಾಡನ್ನು ಜಿಲ್ಲಾ ಪಂಚಾಯಿತಿ ಮಾಡಲಿ, ಉಂಗ್ರದಲ್ಲಿ ಆ ಕಾಲಕ್ಕೆ ಕೆಲಸ ಕಲಿತವರು ಇನ್ನೂ ಇದ್ದರೆ ಅವರನ್ನೇ ಕರೆಸಲಿ. ಎರಡನೆಯದು ನಿಮಗೆ. ಮುಂದಿನ ಸಲ ಗೀಸರ್ ಸಾವಿನ ಸುದ್ದಿ ಹಾಕುವಾಗ ಗೀಸರ್ ಎಲ್ಲಿತ್ತು, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಹೊಗೆ ಹೋಗಲು ಪೈಪ್ ಇತ್ತೋ ಇಲ್ಲವೋ, ಇಷ್ಟನ್ನು ವರದಿಗಾರರು ಕೇಳಿ ಬರೆಯಲಿ.

ಇಂತಿ,
ನಿಮ್ಮ ಓದುಗ,
ತಿಪಟೂರು, ತುಮಕೂರು ಜಿಲ್ಲೆ