ಪಿನ್ ಬೇರೆ, ಪಾಸ್‌ವರ್ಡ್ ಬೇರೆ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಸಲಹೆ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ‘ಫೋಲ್ಡರ್ ಶೇರ್ ಆಗುತ್ತಿಲ್ಲವೇ? ಪಾಸ್‌ವರ್ಡ್ ಕೇಳುವುದನ್ನು ಆಫ್ ಮಾಡಿ’ ಅಂತ ದಯವಿಟ್ಟು ಬರೆಯಬೇಡಿ. ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ.

ಹಾಲ್‌ನಲ್ಲಿರುವ ಹಳೇ ವಿಂಡೋಸ್ ಕಂಪ್ಯೂಟರ್‌ನಲ್ಲಿ ಫೋಟೊ, ಮನೆಪತ್ರದ ಸ್ಕ್ಯಾನ್, ತೆರಿಗೆ ಕಾಗದ ಎಲ್ಲಾ ಇವೆ. ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿ, ಮಗಳ ಲ್ಯಾಪ್‌ಟಾಪ್‌ನಲ್ಲೂ ಅವು ಸಿಗಲಿ ಅಂತ ಆ ಫೋಲ್ಡರನ್ನು ಮನೆಯ ವೈಫೈ ನೆಟ್‌ವರ್ಕ್‌ನಲ್ಲಿ ಶೇರ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಒತ್ತಿದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. ದಿನಾ ಹಾಕುವ ನಾಲ್ಕಂಕಿಯ ಪಿನ್ ಹಾಕಿದೆ. ತಪ್ಪು ಅಂದಿತು. ಹತ್ತು ಸಲ ಹಾಕಿದರೂ ಅದೇ ಉತ್ತರ. ಕೊನೆಗೆ ರಿಪೇರಿ ಹುಡುಗನನ್ನು ಕರೆಸಿದರೆ, ಅವನು ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’, ಅಂದರೆ ಪಾಸ್‌ವರ್ಡ್ ಕೇಳುವ ವ್ಯವಸ್ಥೆ, ಆಫ್ ಮಾಡಿ, ‘ಎವೆರಿವನ್’ಗೆ (ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ) ನೋಡುವ, ಬದಲಿಸುವ, ಅಳಿಸುವ ‘ಫುಲ್ ಕಂಟ್ರೋಲ್’ ಕೊಟ್ಟು, ಐದು ನಿಮಿಷಕ್ಕೆ 300 ರೂಪಾಯಿ ಇಸ್ಕೊಂಡು ಹೋದ. ಫೋಲ್ಡರ್ ತೆರೆಯಿತು, ನಾವೂ ಖುಷಿಯಾದೆವು.

ವಾರ ಕಳೆದ ಮೇಲೆ ಮಹಡಿಯ ಬಾಡಿಗೆ ಹುಡುಗ ಮೆಟ್ಟಿಲಲ್ಲಿ ಸಿಕ್ಕಿ, ‘ಅಂಕಲ್, ಮೊಮ್ಮಗನ ನಾಮಕರಣದ ಫೋಟೊ ಚೆನ್ನಾಗಿವೆ’ ಅಂದ. ಎಲ್ಲಿ ನೋಡಿದೆಯಪ್ಪಾ ಅಂದರೆ, ‘ನೆಟ್‌ವರ್ಕ್‌ನಲ್ಲಿ ಕಾಣುತ್ತಲ್ಲ’ ಅಂದ! ನಮ್ಮ ವೈಫೈ ಅವರಿಗೂ ಕೊಟ್ಟಿದ್ದೆವು. ಫೋಟೊ ಪಕ್ಕದಲ್ಲೇ ಮನೆಪತ್ರ ಇತ್ತು. ನೋಡುವುದಿರಲಿ, ಅಳಿಸುವುದಕ್ಕೂ ಅವನಿಗೆ ಅಡ್ಡಿ ಇರಲಿಲ್ಲ. ಹುಡುಗ ಒಳ್ಳೆಯವನು, ಅದಕ್ಕೇ ಹೇಳಿದ.

ಆಮೇಲೆ ಕೂತು ತಿಳಿದುಕೊಂಡೆ. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಫೈಲ್ ಇರುವ ಕಂಪ್ಯೂಟರ್‌ನ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಮೈಕ್ರೋಸಾಫ್ಟ್ ಖಾತೆಯಾದರೆ ಆ ಇಮೇಲ್ ವಿಳಾಸ, ಅದರ ಪಾಸ್‌ವರ್ಡ್. ಕೆಲವರು ತಾಪತ್ರಯವೇ ಬೇಡ ಅಂತ ಪಾಸ್‌ವರ್ಡ್ ಖಾಲಿ ಬಿಟ್ಟಿರುತ್ತಾರೆ, ಅಂಥ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೇ ಬಿಡುವುದಿಲ್ಲ.

ಈಗ ಹಳೇ ಕಂಪ್ಯೂಟರ್‌ನಲ್ಲಿ ಶೇರಿಂಗಿಗೆಂದೇ ಒಂದು ಸಾದಾ ಲೋಕಲ್ ಖಾತೆ (ಆ ಕಂಪ್ಯೂಟರ್‌ನಲ್ಲಷ್ಟೇ ಇರುವ ಖಾತೆ) ಮಾಡಿದ್ದೇನೆ. ಎಲ್ಲ ಅಧಿಕಾರವಿರುವ ಅಡ್ಮಿನ್ ಖಾತೆ ಅಲ್ಲ. ಅದಕ್ಕೊಂದು ಉದ್ದನೆಯ ಪಾಸ್‌ವರ್ಡ್. ‘ಎವೆರಿವನ್’ ತೆಗೆದು ಆ ಖಾತೆಯನ್ನು ಸೇರಿಸಿ, ಫೋಟೊ ಫೋಲ್ಡರ್‌ಗೆ ಓದುವ ಅನುಮತಿ ಮಾತ್ರ ಕೊಟ್ಟೆ. ಮನೆಪತ್ರ ಶೇರಿಂಗಿಂದ ಹೊರಗೆ. ಲ್ಯಾಪ್‌ಟಾಪ್‌ನಲ್ಲಿ ಆ ಖಾತೆಯ ಹೆಸರು, ಪಾಸ್‌ವರ್ಡ್ ಒಮ್ಮೆ ಹಾಕಿ ‘ನೆನಪಿಡು’ ಅಂತ ಟಿಕ್ ಮಾಡಿದರೆ ಮುಗಿಯಿತು, ಮತ್ತೆ ಕೇಳುವುದಿಲ್ಲ. ಅರ್ಧ ಗಂಟೆಯ ಕೆಲಸ, ಅಷ್ಟೇ.

ಮೊದಲು ಮನೆಯ ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚಿಕೊಳ್ಳಲು ವಿಂಡೋಸ್‌ನಲ್ಲೇ ಹೋಮ್‌ಗ್ರೂಪ್ ಅಂತ ಒಂದಿತ್ತು, ಇಡೀ ಮನೆಗೆ ಒಂದೇ ಪಾಸ್‌ವರ್ಡ್. ವಿಂಡೋಸ್ 7ರ ಜೊತೆ ಬಂದದ್ದನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆದುಬಿಟ್ಟರು. ಈಗ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಬೇರೆ ಕಂಪ್ಯೂಟರ್‌ನ ಫೋಲ್ಡರ್ ತೆರೆಯುವ ‘ಗೆಸ್ಟ್’ ಸಂಪರ್ಕ ತಾನಾಗಿಯೇ ಬಂದ್. ಹಾಗಾಗಿ ‘ಅಪ್‌ಡೇಟ್ ಆದ ಮೇಲೆ ಫೋಲ್ಡರ್ ತೆರೆಯುತ್ತಿಲ್ಲ’ ಅನ್ನುವವರು ಇನ್ನೂ ಜಾಸ್ತಿ ಆಗುತ್ತಾರೆ ಅಲ್ವಾ? ಅವರಿಗೆ ಬಾಗಿಲು ಮತ್ತೆ ತೆರೆಯುವ ಉಪಾಯ ಕೊಡುವ ಬದಲು ಖಾತೆ ಮಾಡುವುದು ಹೇಗೆ ಅಂತ ಚಿತ್ರ ಸಮೇತ ಒಂದು ಕಾಲಂ ಬರೆಸಿ.

ಅಂದಹಾಗೆ, ಮಹಡಿಯವರಿಗೆ ಈಗ ರೂಟರ್‌ನ ಗೆಸ್ಟ್ ವೈಫೈ (ಅತಿಥಿಗಳಿಗೆಂದೇ ಇರುವ ಬೇರೆ ವೈಫೈ) ಕೊಟ್ಟಿದ್ದೇನೆ. ಫೋಟೊ ಮಾತ್ರ ನಾನೇ ವಾಟ್ಸಾಪ್‌ನಲ್ಲಿ ಕಳಿಸಿದೆ.

– ನಿಮ್ಮ ಓದುಗ, ಶಿವಮೊಗ್ಗ